ಸನ್ನದಿನ ಶಾಲೆಯಲ್ಲಿ ಕಲಿತ ಪಾಠಗಳು

ಸರಕಾರದ ಹಣದಿಂದ ನಡೆದರೂ ಸರಕಾರದ ನೇರ ಆಡಳಿತಕ್ಕೆ ಒಳಪಡದ ಶಾಲೆಯೆಂಬುದು ನಮ್ಮ ನಾಡಿನವರಿಗೆ ಅಪರಿಚಿತವಾದ ವಸ್ತುವಲ್ಲ. 1854ರ ವುಡ್ಸ್ ಡಿಸ್ಪ್ಯಾಚ್ ಸೂಚಿಸಿದ ಅನುದಾನ ಪದ್ಧತಿಯ ಫಲವಾಗಿ ವಿದ್ಯಾಸಂಘಗಳೂ ಮಠಗಳೂ ಮಿಶನರಿಗಳೂ ಊರೂರುಗಳಲ್ಲಿ ನಡೆಸಿಕೊಂಡು ಬಂದ ಅನುದಾನಿತ ಶಾಲೆಗಳಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಅಸಂಖ್ಯರಿದ್ದಾರೆ, ನಾನೂ ಅವರಲ್ಲೊಬ್ಬ. ಆದುದರಿಂದ ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಗಣಿತದ ಉಪಾಧ್ಯಾಯನಾಗಿ ಹೋಗಿ, ಕಾಲಕ್ರಮದಲ್ಲಿ ಸೇಂಟ್ ಪಾಲ್ ನಗರದ ಒಂದು ಚಾರ್ಟರ್ ಶಾಲೆಯ ಮುಖ್ಯಸ್ಥನ ಹೊಣೆಯನ್ನು ಹೊರಬೇಕಾಗಿ ಬಂದಾಗ, ಇದು ನಮ್ಮ ಅನುದಾನಿತ ಶಾಲೆಯದೇ ಇನ್ನೊಂದು ರೂಪವೆಂದು ನಾನು ಭಾವಿಸಿದ್ದುಂಟು. ಆ ಭಾವನೆ ಅರ್ಧಮಟ್ಟಿಗೆ ಸರಿಯಾದುದು. ನಮ್ಮಲ್ಲಿ ಒಮ್ಮೆ ಅನುದಾನಕ್ಕೆ ಒಳಪಟ್ಟ ಶಾಲೆಯು, ಮಕ್ಕಳ ಸಂಖ್ಯೆ ತೀರ ಕುಸಿದ ಹೊರತು, ತಾನು ಏತಕ್ಕೆ ಇರಬೇಕೆಂಬ ಪ್ರಶ್ನೆಯನ್ನು ಎದುರಿಸುವ ಪ್ರಸಂಗ ಅಪೂರ್ವ. ಅಲ್ಲಿಯಾದರೋ ಆ ಪ್ರಶ್ನೆ ಗೊತ್ತುಪಡಿಸಿದ ಅವಧಿಗೊಮ್ಮೆ ತಪ್ಪದೆ ಬರುತ್ತದೆ. ಅಂಥ ಶಾಲೆಯನ್ನು ನಡೆಸುವುದರಲ್ಲಿಯೂ ಸುಧಾರಿಸುವುದರಲ್ಲಿಯೂ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನು, ವಿದ್ಯಾಸಂಸ್ಥೆಗಳ ಭಾರ ಹೊತ್ತ ನಮ್ಮವರಿಗೂ ಪ್ರಯೋಜನಕರವಾದೀತೆಂಬ ನಂಬಿಕೆಯಿಂದ, ಇಲ್ಲಿ ನಿವೇದಿಸುತ್ತೇನೆ.

ಈ ಶಾಲೆಗಳ ಹುಟ್ಟು ತಿಳಿಯದೆ ಅವುಗಳ ಕಷ್ಟ ತಿಳಿಯದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ರೇ ಬಡ್ ಎಂಬ ಪ್ರಾಧ್ಯಾಪಕರು ಮೊದಲು ಆಲೋಚಿಸಿದ ಕಲ್ಪನೆಯನ್ನು, ಉಪಾಧ್ಯಾಯರ ರಾಷ್ಟ್ರೀಯ ಸಂಘವೊಂದರ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶ್ಯಾಂಕರ್ ಅವರು 1988ರಲ್ಲಿ ವಾಷಿಂಗ್ಟನ್ನಿನ ಒಂದು ಭಾಷಣದಲ್ಲಿ ದೇಶದ ಮುಂದಿಟ್ಟರು. ಉಪಾಧ್ಯಾಯರೇ ಕೂಡಿ ಹೊಸ ಬೋಧನಕ್ರಮಗಳನ್ನು ಪರೀಕ್ಷಿಸಿ ನೋಡತಕ್ಕ ಕ್ಷೇತ್ರವೊಂದು ಇರಲಿ ಎಂಬುದು ಅವರ ಆಶಯ. 1991ರಲ್ಲಿ, ಸೆನೆಟರ್ ಎಂಬರ್ ರೈಕ್‌ಗಾಟ್ ಯುಂಗ ಅವರ ಪ್ರಯತ್ನದಿಂದ, ಈ ಬಗೆಯ ಪ್ರಥಮ ಕಾನೂನು ಮಿನೆಸೋಟದಲ್ಲಿ ಅಂಗೀಕೃತವಾಯಿತು. ಮರುವರ್ಷವೇ ಸೇಂಟ್ ಪಾಲಿನಲ್ಲಿ ಸಿಟಿ ಅಕಾಡೆಮಿ ಎಂಬ ಮೊದಲ ಚಾರ್ಟರ್ ಶಾಲೆ ಬಾಗಿಲು ತೆರೆಯಿತು. ಇಂದು ನಲವತ್ತಕ್ಕೂ ಮಿಕ್ಕ ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ. ಲಾಭಾಪೇಕ್ಷೆಯ ಕಂಪನಿಗಳು ಈ ಕ್ಷೇತ್ರವನ್ನು ಪ್ರವೇಶಿಸಿದುದನ್ನು ಕಂಡ ಶ್ಯಾಂಕರ್ ಅವರು ತಾವೇ ಎತ್ತಿ ಹಿಡಿದ ಕಲ್ಪನೆಯ ಟೀಕಾಕಾರರಾದುದೂ ಇದೇ ಚರಿತ್ರೆಯ ಭಾಗ.

ಒಪ್ಪಂದದ ಸಾರಾಂಶ ಇಷ್ಟು: ಶಾಲೆಯು ಶುಲ್ಕ ಪಡೆಯಕೂಡದು, ಮತಬೋಧನೆ ಮಾಡಕೂಡದು, ಮಕ್ಕಳನ್ನು ಆರಿಸಿ ತೆಗೆದುಕೊಳ್ಳಕೂಡದು, ಸ್ಥಳಕ್ಕಿಂತ ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಿಯೇ ಸೇರಿಸಿಕೊಳ್ಳತಕ್ಕದ್ದು. ಇದಕ್ಕೆ ಪ್ರತಿಯಾಗಿ, ಸಾಮಾನ್ಯ ಸರಕಾರಿ ಶಾಲೆಯನ್ನು ಬಂಧಿಸುವ ಎಷ್ಟೋ ನಿಬಂಧನೆಗಳಿಂದ ಅದಕ್ಕೆ ವಿನಾಯಿತಿ ಉಂಟು. ಶಾಲೆಯು ಏನನ್ನು ಸಾಧಿಸುವುದೆಂಬ ವಾಗ್ದಾನವನ್ನೊಳಗೊಂಡ ಚಾರ್ಟರನ್ನು, ಅಂದರೆ ಸನ್ನದನ್ನು, ಅನುಮೋದಕ ಸಂಸ್ಥೆಯೊಂದು ಕೊಡುತ್ತದೆ. ಅದರ ಅವಧಿ ಹೆಚ್ಚೆಂದರೆ ಐದು ವರ್ಷ. ಅವಧಿ ಮುಗಿಯುವಾಗ ವಾಗ್ದಾನಕ್ಕೂ ಫಲಕ್ಕೂ ತಾಳೆ ನೋಡಿ ಸನ್ನದನ್ನು ನವೀಕರಿಸುವುದೋ ಬಿಡುವುದೋ ನಿರ್ಧಾರವಾಗುತ್ತದೆ.

ನಾನು ಅಧಿಕಾರ ವಹಿಸಿಕೊಂಡ ಮೇಲೆ ಸ್ಥಾಪಕರು ಬರೆದ ಸನ್ನದನ್ನು ಆದ್ಯಂತವಾಗಿ ಓದಿದೆ. ಸಂಗೀತ, ಎರಡು ಭಾಷೆಗಳಲ್ಲಿ ಬೋಧನೆ, ಸ್ವಯೋಜನೆಗಳ ಮೂಲಕ ಕಲಿಕೆ, ಸಮಾಜಸೇವೆ, ಯಂತ್ರಜ್ಞಾನ, ಮಗುಮಗುವಿಗೂ ಪ್ರತ್ಯೇಕವಾದ ಕಲಿಕೆಯ ಕ್ರಮ - ಹೀಗೆ ಮದುವೆಮನೆಯ ಎಲೆಯ ಮೇಲೆ ಬಡಿಸಿದಂತೆ ಒಂದರ ಪಕ್ಕದಲ್ಲೊಂದು ಉದಾತ್ತ ಸಂಕಲ್ಪಗಳು ಅದರಲ್ಲಿ ತುಂಬಿದ್ದುವು. ಒಂದೊಂದೂ ಸ್ತುತ್ಯವಾದುದೇ. ಆದರೆ ಆ ಪುಟಗಳನ್ನು ಕೈಯಲ್ಲಿ ಹಿಡಿದು ತರಗತಿಯಿಂದ ತರಗತಿಗೆ ನಡೆದಾಗ, ಅವುಗಳಲ್ಲಿ ಯಾವುದೊಂದೂ ಪೂರ್ಣವಾಗಿ ಕಣ್ಣಿಗೆ ಬೀಳಲಿಲ್ಲ; ಎಲ್ಲದರ ಛಾಯೆ ಇತ್ತು, ಯಾವುದರ ಬೇರೂ ಇರಲಿಲ್ಲ. ಸನ್ನದು ಪಡೆಯಬೇಕೆಂಬ ಆತುರದಲ್ಲಿ ಅರ್ಜಿದಾರರು ವಾಗ್ದಾನಗಳನ್ನು ಪೋಣಿಸುವುದು ಸಹಜ, ಏತಕ್ಕೆಂದರೆ ಇಲ್ಲದ ಶಾಲೆಯ ಪರವಾಗಿ ಮಾತು ಕೊಡುವುದಕ್ಕೆ ವೆಚ್ಚವಿಲ್ಲ. ವೆಚ್ಚ ಬರುವುದು ಅನಂತರ. ಅದನ್ನು ತೆರಬೇಕಾದವರು ಸೋಮವಾರ ಬೆಳಗ್ಗೆ ತರಗತಿಯಲ್ಲಿ ನಿಲ್ಲುವ ಉಪಾಧ್ಯಾಯರು.

ಆಡಳಿತ ಮಂಡಳಿಯ ವಿಷಯವನ್ನು ಮೊದಲು ಹೇಳಬೇಕು. ಮಿನೆಸೋಟದ ಕಾನೂನಿನಂತೆ ಆ ಮಂಡಳಿಯಲ್ಲಿ ಶಾಲೆಯ ಉಪಾಧ್ಯಾಯರೂ ಮಕ್ಕಳ ತಂದೆತಾಯಿಗಳೂ ಊರಿನ ಪ್ರತಿನಿಧಿಗಳೂ ಇರತಕ್ಕದ್ದು. ಸಭೆಗಳು ಸಾರ್ವಜನಿಕರಿಗೆ ತೆರೆದಿರತಕ್ಕದ್ದು. ಹೊಸ ಸದಸ್ಯರು ಆಡಳಿತ, ಹಣಕಾಸು, ನೌಕರಿಯ ನಿಯಮ ಇವುಗಳಲ್ಲಿ ತರಬೇತಿ ಪಡೆಯತಕ್ಕದ್ದು. ವ್ಯವಸ್ಥೆ ಸೊಗಸಾದುದು. ಆದರೆ ತಮ್ಮ ಮಗಳ ತರಗತಿಯ ಕಿಟಕಿಯಾಗಲಿ ಮಧ್ಯಾಹ್ನದ ಊಟದ ಹಾಲಾಗಲಿ ಸದಸ್ಯರಿಗೆ ಬೇಗ ಅರ್ಥವಾಗುವಂತೆ, ಮೂರನೆಯ ತರಗತಿಯ ಮಕ್ಕಳು ಓದಲು ಏಕೆ ತಡವರಿಸುತ್ತಾರೆಂಬುದು ಬೇಗ ಅರ್ಥವಾಗದು. ಅರ್ಥವಾದುದರ ಬಗೆಗೆ ದೀರ್ಘವಾಗಿ ಮಾತನಾಡುವುದು ಮನುಷ್ಯಸ್ವಭಾವ. ಇದನ್ನು ನಾನು ಉಪದೇಶದಿಂದ ತಿದ್ದಲಾರದೆ, ಕಾರ್ಯಸೂಚಿಯ ಅನುಕ್ರಮವನ್ನು ಬದಲಿಸಿದೆ. ಸಭೆಯ ಆರಂಭದಲ್ಲಿ ಒಂದು ತರಗತಿಯ ಮಕ್ಕಳ ಬರವಣಿಗೆಯ ಪುಟಗಳನ್ನು, ಹೆಸರುಗಳನ್ನು ತೆಗೆದುಹಾಕಿ, ಸದಸ್ಯರ ಕೈಗೆ ಕೊಟ್ಟು, ಶರತ್ಕಾಲದ ಪುಟಕ್ಕೂ ವಸಂತದ ಪುಟಕ್ಕೂ ಇರುವ ಅಂತರವನ್ನು ಅವರೇ ಹುಡುಕಲೆಂದು ಬಿಟ್ಟೆ. ಕಟ್ಟಡದ ದುರಸ್ತಿಯ ಮಾತು ಸಭೆಯ ಕೊನೆಗೆ ಹೋಯಿತು. ಕೊನೆಗೆ ಹೋದದ್ದರಿಂದ ಅದು ಸಂಕ್ಷೇಪವೂ ಆಯಿತು.

ಎರಡನೆಯದು ಹಣ. ಚಾರ್ಟರ್ ಶಾಲೆಗೆ ಆಸ್ತಿ ತೆರಿಗೆ ವಿಧಿಸುವ ಅಧಿಕಾರವಿಲ್ಲ. ರಾಜ್ಯದ ಹಣದಿಂದ ಭೂಮಿಯನ್ನೋ ಕಟ್ಟಡವನ್ನೋ ಕೊಳ್ಳುವಂತಿಲ್ಲ. ಬಾಡಿಗೆಗೆಂದು ಪ್ರತ್ಯೇಕ ನೆರವು ದೊರೆಯುತ್ತದೆ, ಉಳಿದ ಆದಾಯವೆಲ್ಲ ದಿನಂಪ್ರತಿ ದಾಖಲೆಯಲ್ಲಿರುವ ಮಕ್ಕಳ ಸರಾಸರಿ ಸಂಖ್ಯೆಯನ್ನು ಹಿಂಬಾಲಿಸುತ್ತದೆ. ಒಂದೇ ತರಗತಿಯಿಂದ ನಾಲ್ಕಾರು ಮಕ್ಕಳು ಬೇರೆ ಊರಿಗೆ ಹೋದರೆ ವರಮಾನ ಇಳಿಯುತ್ತದೆ. ಉಪಾಧ್ಯಾಯರ ಸಂಬಳವಾದರೋ ಕಿಂಚಿತ್ತೂ ಇಳಿಯದು. 2011ರಲ್ಲಿ ರಾಜ್ಯದ ಬೊಕ್ಕಸಕ್ಕೆ ಮುಗ್ಗಟ್ಟು ಒದಗಿ, ಶಾಲೆಗಳಿಗೆ ಸಲ್ಲಬೇಕಾದ ಹಣದಲ್ಲಿ ನೂರಕ್ಕೆ 60 ಪಾಲನ್ನು ಆ ವರ್ಷ ಕೊಟ್ಟು ಉಳಿದ 40 ಪಾಲನ್ನು ಮುಂದಿನ ವರ್ಷಕ್ಕೆ ದೂಡಿದಾಗ, ಕೂಡಿಟ್ಟ ನಿಧಿಯಿಲ್ಲದ ಸಣ್ಣ ಶಾಲೆಗಳು ಬಡ್ಡಿಗೆ ಸಾಲ ತಂದು ಸಂಬಳ ಕೊಡಬೇಕಾಯಿತು. ಅಂಥ ಕಾಲವನ್ನು ದಾಟಿದ ಮೇಲೆ ನನಗೆ ದೃಢವಾದ ನೀತಿ ಇದು: ಬರಬಹುದೆಂದು ಆಶಿಸಿದ ಮಕ್ಕಳ ಸಂಖ್ಯೆಯ ಮೇಲೆ ಆಯವ್ಯಯವನ್ನು ರಚಿಸಬಾರದು, ಕಳೆದ ವರ್ಷ ಬಂದಿದ್ದವರಿಗಿಂತ ಕಡಿಮೆ ಮಂದಿ ಬಂದಾರೆಂದು ಎಣಿಸಿ, ಆ ಮಿತಿಯೊಳಗೆ ಉತ್ತಮ ಉಪಾಧ್ಯಾಯರನ್ನು ಉಳಿಸಿಕೊಳ್ಳುವ ದಾರಿಯನ್ನು ಮೊದಲು ನೋಡಬೇಕು. ಜೂನ್ ತಿಂಗಳಲ್ಲಿ ವಿದಾಯ ಹೇಳಿ ಹೋಗುವ ಅನುಭವಿಯು ತನ್ನೊಡನೆ ಒಯ್ಯುವುದು ಕೇವಲ ತನ್ನ ಪಾಠವನ್ನಲ್ಲ. ಮಕ್ಕಳ ಅಣ್ಣತಂಗಿಯರ ಪರಿಚಯ, ಪಕ್ಕದ ತರಗತಿಯ ಹೊಸ ಉಪಾಧ್ಯಾಯನಿಗೆ ದೊರೆಯುತ್ತಿದ್ದ ಧೈರ್ಯ, ಇವೂ ಅವನ ಜೊತೆಯಲ್ಲಿ ಹೊರಟುಹೋಗುತ್ತವೆ.

ಮೂರನೆಯದು ಹಾಜರಿ. ಇದು ಕ್ಷುದ್ರವಾದ ವಿಷಯವೆಂದು ತೋರುವುದುಂಟು. ನನ್ನ ಅನುಭವದಲ್ಲಿ ಇದಕ್ಕಿಂತ ಫಲವತ್ತಾದ ಕೆಲಸ ಬೇರೊಂದಿಲ್ಲ. ಅಮೆರಿಕದ ನಗರಗಳಲ್ಲಿ ಹ್ಮಾಂಗ್ ಜನಾಂಗದವರು ಅತಿಹೆಚ್ಚಾಗಿ ನೆಲೆಸಿರುವುದು ಸೇಂಟ್ ಪಾಲಿನಲ್ಲಿ; ಲಾವೋಸಿನ ಯುದ್ಧದ ತರುವಾಯ ಬಂದ ಅವರ ಮಕ್ಕಳೊಡನೆ, ಸೊಮಾಲಿಯದಿಂದಲೂ ಬರ್ಮದ ಕರೆನ್ ನಾಡಿನಿಂದಲೂ ಬಂದವರ ಮಕ್ಕಳು ನಮ್ಮ ಬೆಂಚುಗಳಲ್ಲಿ ಕೂಡುತ್ತಿದ್ದರು. ಜನವರಿಯಲ್ಲಿ ಉಷ್ಣಮಾನ ಶೂನ್ಯಕ್ಕಿಂತ ಬಹು ಕೆಳಗಿಳಿದ ಬೆಳಗುಗಳಲ್ಲಿ, ತಾಯಿ ರಾತ್ರಿಪಾಳಿ ಮುಗಿಸಿ ಬರುವ ಮೊದಲೇ ಬಸ್ಸು ಬಂದು ಹೋಗಿಬಿಟ್ಟರೆ, ಮಗುವಿಗೆ ಅಂದು ಶಾಲೆ ಇಲ್ಲ. ಸತತವಾಗಿ 15 ಶಾಲಾದಿನ ಬಾರದ ಮಗುವಿನ ಹೆಸರನ್ನು ದಾಖಲೆಯಿಂದ ತೆಗೆಯಬೇಕೆಂಬುದು ಆ ರಾಜ್ಯದ ನಿಯಮ. ಹೆಸರು ಹೋದರೆ ಹಣವೂ ಹೋಗುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಎಚ್ಚರಿಕೆಯ ಪತ್ರಗಳನ್ನು ಕಳುಹಿಸುವ ಪದ್ಧತಿಯನ್ನು ಹಿಂದೆ ಸರಿಸಿ, ಮೊದಲ ಗೈರುಹಾಜರಿಯ ದಿನವೇ, ಒಂಬತ್ತು ಗಂಟೆಯೊಳಗೆ, ಮನೆಯವರ ಭಾಷೆ ಬಲ್ಲವರಿಂದ ದೂರವಾಣಿ ಹೋಗುವಂತೆ ಏರ್ಪಡಿಸಿದೆವು. ಕೇಳುತ್ತಿದ್ದುದು, ಏಕೆ ಬರಲಿಲ್ಲವೆಂದಲ್ಲ. ನಾಳೆ ಬರಲು ಏನು ಬೇಕು ಎಂದು. ಒಬ್ಬ ಹ್ಮಾಂಗ್ ಅಜ್ಜಿ ತಮ್ಮ ಮೊಮ್ಮಗನಿಗೆ ಕೈಗವಸು ಇಲ್ಲವೆಂದು ಹೇಳಿದರು. ಅಷ್ಟೇ ಕಾರಣ. ತಿಂಗಳುಗಟ್ಟಲೆ ನಾವು ಪ್ರೇರಣೆಯ ಕೊರತೆಯೆಂದು ವಿಶ್ಲೇಷಿಸುತ್ತಿದ್ದ ಅನೇಕ ಗೈರುಹಾಜರಿಗಳ ಹಿಂದೆ ಇಂಥ ಕೈಗವಸುಗಳೇ ಇದ್ದುವು.

ನಾಲ್ಕನೆಯದು ಬೋಧನೆ, ಮತ್ತು ಅದರ ನೆರಳಿನಂತಿರುವ ಪರೀಕ್ಷೆ. ಪ್ರತಿ ವಸಂತದಲ್ಲಿ ಮೂರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಓದು ಮತ್ತು ಗಣಿತದಲ್ಲಿ ರಾಜ್ಯದ ಪರೀಕ್ಷೆಯನ್ನು ಬರೆಯಬೇಕು; ಸನ್ನದಿನ ನವೀಕರಣದಲ್ಲಿ ಆ ಅಂಕಗಳ ತೂಕ ದೊಡ್ಡದು. ಇದರಿಂದ ಒಂದು ಪ್ರಲೋಭನೆ ಹುಟ್ಟುತ್ತದೆ: ಉತ್ತೀರ್ಣದ ಗೆರೆಯ ಕೆಳಗೆ ಕೂದಲೆಳೆಯಷ್ಟು ಅಂತರದಲ್ಲಿರುವ ಮಕ್ಕಳನ್ನು ಆರಿಸಿ ಅವರಿಗೆ ಮಾತ್ರ ಹೆಚ್ಚು ಪಾಠ ಹೇಳಿದರೆ ಶಾಲೆಯ ಶೇಕಡಾ ಏರುತ್ತದೆ. ಗೆರೆಯಿಂದ ಬಹುದೂರ ಹಿಂದುಳಿದವರೂ ಬಹುದೂರ ಮುಂದಿರುವವರೂ ಈ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ವಿಶೇಷ ಶಿಕ್ಷಣ ಬೇಕಾದ ಮಕ್ಕಳ ವಿಷಯದಲ್ಲಿಯಂತೂ ಸಣ್ಣ ಶಾಲೆಯ ಮನಸ್ಸಾಕ್ಷಿಗೆ ಕಠಿಣ ಪರೀಕ್ಷೆ. ಅಲ್ಲಿನ ಕಾನೂನಿನಲ್ಲಿ ಚಾರ್ಟರ್ ಶಾಲೆಯೇ ಒಂದು ಸ್ವತಂತ್ರ ಶಿಕ್ಷಣ ಜಿಲ್ಲೆಯ ಸ್ಥಾನದಲ್ಲಿರುವುದರಿಂದ, ಒಂದು ಮಗುವಿಗೆ ಗೊತ್ತಾದ ಸೇವೆಯನ್ನು ಒದಗಿಸುವ ಹೊಣೆಯನ್ನು ಅದು ಬೇರೆಯವರ ಮೇಲೆ ಹಾಕುವಂತಿಲ್ಲ. ನಾವು ಅವಲಂಬಿಸಿದ ಮಾರ್ಗದಲ್ಲಿ ಹೊಸತನವೇನೂ ಇರಲಿಲ್ಲ. ಒಂದೇ ತರಗತಿಯ ಉಪಾಧ್ಯಾಯರು ವಾರಕ್ಕೊಮ್ಮೆ ಕೂಡಿ ಕುಳಿತು, ಮುಂದಿನ ವಾರದ ಪಾಠವನ್ನು ತಾವೇ ವಿದ್ಯಾರ್ಥಿಗಳಂತೆ ಮಾಡಿ ನೋಡಿ, ಮಕ್ಕಳು ಎಲ್ಲಿ ಎಡವಬಹುದೆಂದು ಮುಂಗಂಡು ಬರೆದಿಟ್ಟುಕೊಳ್ಳುತ್ತಿದ್ದರು. ನಾನು ಮಧ್ಯಾಹ್ನದವರೆಗೆ ಕಚೇರಿಯಲ್ಲಿ ಕೂರದೆ ತರಗತಿಗಳಲ್ಲಿ ಕುಳಿತು, ನೋಡಿದುದರ ಬಗೆಗೆ ಅದೇ ದಿನ ಅವರೊಡನೆ ಮಾತನಾಡುತ್ತಿದ್ದೆ. ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಬರೆಯುವ ನೂರು ಮಾತಿಗಿಂತ, ಅದೇ ಸಂಜೆ ಹೇಳಿದ ಒಂದು ಮಾತು ಮರುದಿನದ ಪಾಠವನ್ನು ತಿದ್ದುತ್ತದೆ.

ಸನ್ನದಿನ ನವೀಕರಣ ಸಮೀಪಿಸಿದಾಗ ಮಂಡಳಿಯ ಮುಂದೆ ನಾನಿಟ್ಟ ಸೂಚನೆ ಹಲವರಿಗೆ ರುಚಿಸಲಿಲ್ಲ: ಹೊಸ ವಾಗ್ದಾನಗಳನ್ನು ಸೇರಿಸುವುದರ ಬದಲು ಇದ್ದವುಗಳಲ್ಲಿ ಬಹುಪಾಲನ್ನು ಕೈಬಿಡುವುದು. ಇಷ್ಟು ಕಡಮೆ ಹೇಳಿಕೊಂಡರೆ ಅನುಮೋದಕರು ಏನೆಂದುಕೊಂಡಾರು ಎಂದು ಒಬ್ಬ ಸದಸ್ಯರು ಕೇಳಿದರು. ಪ್ರತಿಯೊಂದು ವಾಗ್ದಾನದ ಎದುರಿಗೂ, ಅದು ಯಾವ ತರಗತಿಯಲ್ಲಿ, ವಾರದ ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ನಡೆಯುತ್ತದೆಂದು ಬರೆಯೋಣ, ಬರೆಯಲಾಗದುದನ್ನು ಹೊಡೆದುಹಾಕೋಣ ಎಂದೆ. ಕೊನೆಗೆ ಉಳಿದವು ಮೂರು: ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಮನೆಯ ಭಾಷೆಯನ್ನು ಶಾಲೆ ಗೌರವಿಸಿ ಅದರಲ್ಲಿ ಮನೆಯವರೊಡನೆ ಮಾತನಾಡಬೇಕು, ಸಂಗೀತ ಪ್ರತಿ ಮಗುವಿಗೂ ಇರಬೇಕು. ಮೂರನೆಯದನ್ನು ಉಳಿಸಿದುದು, ಅದನ್ನು ಕಲಿಸಬಲ್ಲ ಸಮರ್ಥರು ನಮ್ಮಲ್ಲಿ ಇದ್ದರೆಂಬ ಕಾರಣಕ್ಕೆ.

ಚಾರ್ಟರ್ ಎಂಬ ಹೆಸರಿನಿಂದಲೇ ಮಗುವಿಗೆ ವಿದ್ಯೆ ಹತ್ತುವುದಿಲ್ಲವೆಂಬುದಕ್ಕೆ ಅಂಕಿಅಂಶಗಳೂ ಸಾಕ್ಷಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೀಡೋ ಎಂಬ ಅಧ್ಯಯನಕೇಂದ್ರವು 2009ರಲ್ಲಿ 16 ರಾಜ್ಯಗಳನ್ನು ಪರಿಶೀಲಿಸಿದಾಗ, ಗಣಿತದಲ್ಲಿ ಸಮೀಪದ ಸರಕಾರಿ ಶಾಲೆಗಳಿಗಿಂತ ಉತ್ತಮವೆನಿಸಿದ ಚಾರ್ಟರ್ ಶಾಲೆಗಳು ನೂರಕ್ಕೆ 17, ಕೆಳಮಟ್ಟದಲ್ಲಿದ್ದವು 37, ಉಳಿದವುಗಳಲ್ಲಿ ಗಣನೀಯವಾದ ಅಂತರವಿರಲಿಲ್ಲ. ಅದೇ ಕೇಂದ್ರದ 2023ರ ವರದಿಯಲ್ಲಿ ಚಿತ್ರ ಬದಲಾಗಿ, ಒಟ್ಟಿನ ಮೇಲೆ ಚಾರ್ಟರ್ ಶಾಲೆಯ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನಗಳ, ಗಣಿತದಲ್ಲಿ 6 ದಿನಗಳ ಕಲಿಕೆಗೆ ಸಮನಾದಷ್ಟು ಮುಂದಿದ್ದರು. ಎರಡು ವರದಿಗಳ ನಡುವಿನ ವರ್ಷಗಳಲ್ಲಿ ದುರ್ಬಲವಾದ ಶಾಲೆಗಳೆಷ್ಟೋ ಮುಚ್ಚಿಹೋದುವು. ಮಿನೆಸೋಟವೂ 2009ರಲ್ಲಿ ಅನುಮೋದಕ ಸಂಸ್ಥೆಗಳ ಅರ್ಹತೆಯನ್ನೇ ಮರುಪರಿಶೀಲಿಸುವ ಕಾನೂನನ್ನು ತಂದಿತು.

ದುರ್ಬಲ ಶಾಲೆ ಮುಚ್ಚುವುದು ಈ ವ್ಯವಸ್ಥೆಯ ಬಲವೆಂದು ಅದರ ಪ್ರತಿಪಾದಕರು ಹೇಳುತ್ತಾರೆ. ತತ್ತ್ವದಲ್ಲಿ ಅದನ್ನು ನಾನು ನಿರಾಕರಿಸಲಾರೆ. ಆದರೆ ನಮ್ಮ ನೆರೆಯಲ್ಲಿಯೇ ಇದ್ದ ಒಂದು ಶಾಲೆ ಮುಚ್ಚಿದಾಗ ಅಲ್ಲಿಂದ ಬಂದ ಮಕ್ಕಳನ್ನು ಸೇರಿಸಿಕೊಂಡವನು ನಾನು. ಸ್ಥಾಪಕರು ಬೇರೆ ಉದ್ಯೋಗಕ್ಕೆ ಹೋದರು. ಅನುಮೋದಕರ ಕಡತ ಮುಚ್ಚಿತು. ಆ ಶಾಲೆಯು ಕೊಟ್ಟ ಮಾತು ತಪ್ಪಿದುದರ ದಂಡವನ್ನು ತೆತ್ತವರು, ಮಾತು ಕೊಡುವಾಗ ಹುಟ್ಟಿಯೇ ಇರದಿದ್ದ ಮಕ್ಕಳು. ಆದಕಾರಣ ಶಾಲೆಯ ಅಸ್ತಿತ್ವದ ಪ್ರಶ್ನೆಯನ್ನು ಐದನೆಯ ವರ್ಷದ ಪರಿಶೀಲಕರಿಗೆ ಬಿಟ್ಟುಕೊಡುವುದು ಧರ್ಮವಲ್ಲ. ಅನುದಾನಿತ ಶಾಲೆಯಾಗಲಿ ಚಾರ್ಟರ್ ಶಾಲೆಯಾಗಲಿ, ಅದರ ಭಾರ ಹೊತ್ತವರು ವರ್ಷಾರಂಭದಲ್ಲಿ, ಅರ್ಜಿಗಳು ಬರುವುದಕ್ಕೆ ಮೊದಲೇ, ತಾವು ಕೊಟ್ಟ ಮಾತುಗಳ ಪಟ್ಟಿಯನ್ನು ತೆಗೆದು ಉಪಾಧ್ಯಾಯರೊಡನೆ ಕುಳಿತು ಓದಬೇಕು; ಈ ವರ್ಷ ನಡೆಸಲಾರದುದನ್ನು ಮಕ್ಕಳ ತಂದೆತಾಯಿಗಳಿಗೆ ತೆರೆದು ಹೇಳಬೇಕು. ಹಾಗೆ ಹೇಳಿದ ವರ್ಷ ನಮಗೆ ಕೆಲವು ಅರ್ಜಿಗಳು ಕಡಮೆಯಾದುದು ನಿಜ. ಸೇರಿದ ಮಕ್ಕಳು ಮಾತ್ರ ನಡುವೆ ಬಿಟ್ಟುಹೋಗಲಿಲ್ಲ.