ಚಿಲಿಕಾ: ಅಳಿವೆ ತೆರೆದ ಮೇಲೆ

ಮಹಾನದಿಯು ಬಂಗಾಳ ಕೊಲ್ಲಿಯನ್ನು ಸೇರುವ ಮುನ್ನ ಹಲವು ಕವಲುಗಳಾಗಿ ಒಡೆದು, ಒಡಿಶಾದ ಕರಾವಳಿಯಲ್ಲಿ ವಿಶಾಲವಾದ ನದೀಮುಖಜ ಭೂಮಿಯನ್ನು ನಿರ್ಮಿಸಿದೆ. ಈ ಭೂಮಿಯ ದಕ್ಷಿಣದ ಅಂಚಿನಲ್ಲಿದೆ ಚಿಲಿಕಾ ಸರೋವರ. ಮಳೆಗಾಲದಲ್ಲಿ ಅದರ ವಿಸ್ತೀರ್ಣ 1,100 ಚದರ ಕಿಲೋಮೀಟರನ್ನು ಮೀರುತ್ತದೆ. ಬೇಸಿಗೆಯಲ್ಲಿ 900ರ ಆಸುಪಾಸಿಗೆ ಇಳಿಯುತ್ತದೆ. ದಯಾ, ಭಾರ್ಗವಿ ಮೊದಲಾದ ಕವಲುಗಳು ಸಿಹಿನೀರನ್ನು ತರುತ್ತವೆ. ಕಡಲಿನ ಉಬ್ಬರವು ಅಳಿವೆಯ ಮೂಲಕ ಉಪ್ಪುನೀರನ್ನು ಒಳಗೆ ತಳ್ಳುತ್ತದೆ. ಇವೆರಡರ ಹದವಾದ ಬೆರಕೆಯೇ ಚಿಲಿಕಾದ ಜೀವಾಳ. 1981ರಲ್ಲಿ ರಾಮ್ಸಾರ್ ಒಪ್ಪಂದದ ಅನ್ವಯ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಇದನ್ನು ಗುರುತಿಸಲಾಯಿತು.

ಈ ಹದ ಕೆಡಲು ಹೆಚ್ಚು ಕಾಲ ಹಿಡಿಯಲಿಲ್ಲ. ನದಿಗಳು ಹೊತ್ತು ತಂದ ಹೂಳು ಒಳಗಡೆ ನಿಂತಿತು. ಹೊರಗಡೆ, ದಡದುದ್ದಕ್ಕೂ ಸಾಗುವ ಅಲೆಗಳು ಮರಳನ್ನು ಒಡ್ಡಿ ಅಳಿವೆಯನ್ನು ಕಿರಿದುಗೊಳಿಸಿದವು. ಉಬ್ಬರದ ನೀರು ಸರೋವರವನ್ನು ಮುಟ್ಟುವಷ್ಟರಲ್ಲಿಯೇ ಬಲಗುಂದುತ್ತಿತ್ತು. ಉಪ್ಪಿನ ಅಂಶ ತಗ್ಗಿದಂತೆ ಸಿಹಿನೀರಿನ ಕಳೆ ಹಬ್ಬಿತು. ಕಡಲಿನಿಂದ ಒಳಬರಬೇಕಾದ ಮೀನು ಹಾಗೂ ಸೀಗಡಿ ಮರಿಗಳಿಗೆ ದಾರಿ ಕಟ್ಟಿತು. 1980ರ ದಶಕದ ನಡುವೆ ವರ್ಷಕ್ಕೆ 8,000 ಟನ್ನಿಗೂ ಮೇಲಿದ್ದ ಮೀನಿನ ಇಳುವರಿ, ಆ ಶತಮಾನದ ಕೊನೆಗೆ 2,000 ಟನ್ನಿಗೂ ಕಡಿಮೆಯಾಯಿತು. ಬಲೆಯನ್ನೇ ನಂಬಿದ್ದ ಸಾವಿರಾರು ಕುಟುಂಬಗಳ ಪಾಡನ್ನು ಈ ಅಂಕಿಗಳಿಂದಲೇ ಊಹಿಸಬಹುದು. 1993ರಲ್ಲಿ ಚಿಲಿಕಾ ಅಪಾಯಕ್ಕೆ ಸಿಲುಕಿದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವು ಪರಿಹಾರವನ್ನು ಊಹೆಗೆ ಬಿಡಲಿಲ್ಲ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವು ಗಣಿತ ಮಾದರಿಗಳ ನೆರವಿನಿಂದ ನೀರಿನ ಚಲನೆಯನ್ನು ಪರಿಶೀಲಿಸಿತು. ಅದರ ಸಲಹೆಯಂತೆ 2000ದ ಸೆಪ್ಟೆಂಬರ್ 23ರಂದು ಮರಳ ದಿಬ್ಬವನ್ನು ಸೀಳಿ ಹೊಸ ಅಳಿವೆಯನ್ನು ತೆರೆಯಲಾಯಿತು. ಕಡಲಿಗೂ ಸರೋವರಕ್ಕೂ ನಡುವಣ ಹಾದಿ ಸುಮಾರು 18 ಕಿಲೋಮೀಟರ್ ಮೊಟಕಾಯಿತು. ಫಲ ಬೇಗನೆ ಕಂಡಿತು: 2001-02ರಲ್ಲಿ ಇಳುವರಿ 11,000 ಟನ್ ದಾಟಿತು, ಕಳೆ ಹಿಂಜರಿಯಿತು. 2002ರಲ್ಲಿ ಚಿಲಿಕಾ ಅಪಾಯದ ಪಟ್ಟಿಯಿಂದ ಹೊರಬಂದಿತು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣವಿದು. ಆದರೆ ಒಮ್ಮೆ ತೋಡಿದ ಅಳಿವೆ ಶಾಶ್ವತವೆಂದು ತಿಳಿಯುವಂತಿಲ್ಲ. ಮರಳು ಚಲಿಸುತ್ತಲೇ ಇರುತ್ತದೆ. 2019ರ ಫೋನಿ ಚಂಡಮಾರುತವು ತಾನೇ ಹೊಸ ಬಾಯಿಗಳನ್ನು ತೆರೆಯಿತು.

ನೀರು ಸುಧಾರಿಸಿದಂತೆ ಪ್ರವಾಸಿಗರೂ ಹೆಚ್ಚಿದರು. ಸಾತಪಡಾದ ಬಳಿ ಇರಾವಡಿ ಡಾಲ್ಫಿನ್‌ಗಳನ್ನು ನೋಡಲು ದೋಣಿ ಹತ್ತುವವರು ಅಸಂಖ್ಯ. ಡಾಲ್ಫಿನ್‌ಗಳೋ ಕೇವಲ ನೂರೈವತ್ತರಷ್ಟು. ದೋಣಿ ನಡೆಸುವವರಲ್ಲಿ ಅನೇಕರು ಮೀನುಗಾರರೇ ಆದ್ದರಿಂದ ಈ ಆದಾಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೂ ಪ್ರಾಣಿ ತಲೆಯೆತ್ತಿದಲ್ಲಿಗೆ ಮೋಟಾರು ದೋಣಿಗಳು ಧಾವಿಸಿದರೆ, ಸದ್ದು ಅದನ್ನು ಬೆದರಿಸುತ್ತದೆ, ಯಂತ್ರದ ಅಲಗು ಗಾಯಗೊಳಿಸುತ್ತದೆ. ವಿಹಾರದ ಹೆಸರಿನಲ್ಲಿ ನಡೆಯುವ ಈ ಬೆನ್ನಟ್ಟುವಿಕೆಗೆ ಕಡಿವಾಣ ಹಾಕಲೇಬೇಕು.

ಬೇರೆ ದಾರಿಯನ್ನು ಸರೋವರದ ಉತ್ತರದ ದಡದಲ್ಲಿರುವ ಮಂಗಲಾಜೋಡಿ ಗ್ರಾಮ ತೋರಿಸಿದೆ. ಚಳಿಗಾಲದ ವಲಸೆ ಹಕ್ಕಿಗಳನ್ನು ಬೇಟೆಯಾಡಿ ಮಾರುತ್ತಿದ್ದವರಲ್ಲಿ ಹಲವರು ಇಂದು ಅವುಗಳ ಕಾವಲುಗಾರರು, ಮಾರ್ಗದರ್ಶಕರು. ಹಕ್ಕಿಯ ಜಾಡು ಅವರಷ್ಟು ಬಲ್ಲವರು ಯಾರಿದ್ದಾರೆ? ಅವರು ಪ್ರವಾಸಿಗರನ್ನು ಕರೆದೊಯ್ಯುವುದು ಜೊಂಡಿನ ನಡುವೆ ಉದ್ದನೆಯ ಗಳುವಿನಿಂದ ನೂಕುವ, ಯಂತ್ರವಿಲ್ಲದ ದೋಣಿಗಳಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುವ ಪಟ್ಟೆತಲೆ ಹೆಬ್ಬಾತುಗಳು ಚಿಲಿಕಾದ ಚಳಿಗಾಲದ ಅತಿಥಿಗಳೂ ಹೌದು. ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿಗೆ ಹೋಗುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಒಳಿತು.