ಕಾವಲುಗಾರರನ್ನು ಎಚ್ಚರಿಸುವ ಧ್ವನಿ

ಈ ಶತಮಾನದ ಆರಂಭದ ವರ್ಷಗಳು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಝೆನ್ ಶು ಎಂಬ ಸಂಶೋಧನ ವಿದ್ಯಾರ್ಥಿನಿ, ಕತ್ತಿಯನ್ನು ಮುಟ್ಟದೆ ಧ್ವನಿಯಿಂದಲೇ ಅಂಗಾಂಶವನ್ನು ಒಡೆಯಬಹುದೇ ಎಂದು ಹಂದಿಯ ಹೃದಯದ ತುಣುಕುಗಳ ಮೇಲೆ ಪರೀಕ್ಷಿಸುತ್ತಿದ್ದರು. ಉಪಕರಣದ ಸದ್ದು ಜೊತೆಯವರಿಗೆ ಕಿರಿಕಿರಿಯಾಯಿತು. ಅದು ಕಿವಿಗೆ ಬೀಳದಿರಲೆಂದು ಆಕೆ, ಒಂದು ಸೆಕೆಂಡಿಗೆ ಹೊಮ್ಮುವ ಧ್ವನಿಯ ಮಿಡಿತಗಳನ್ನು ಹೆಚ್ಚಿಸಿದರು. ಏನಾಶ್ಚರ್ಯ! ಒಂದು ನಿಮಿಷದೊಳಗೆ ಅಂಗಾಂಶದಲ್ಲಿ ರಂಧ್ರ ಮೂಡಿತ್ತು.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ಧ್ವನಿ ಮನುಷ್ಯನಿಗೆ ಕೇಳಿಸದು. ಇದೇ ಶ್ರವಣಾತೀತ ಧ್ವನಿ. ಗರ್ಭದಲ್ಲಿರುವ ಶಿಶುವನ್ನು ವೈದ್ಯರು ಪರೀಕ್ಷಿಸುವುದು ಇದರ ನೆರವಿನಿಂದಲೇ. ಪೀನಮಸೂರವು ಬಿಸಿಲನ್ನು ಒಂದು ಬಿಂದುವಿನಲ್ಲಿ ಕೂಡಿಸುವಂತೆ, ಈ ಧ್ವನಿಯನ್ನೂ ದೇಹದೊಳಗಿನ ಗಡ್ಡೆಯ ಮೇಲೆ ಕೇಂದ್ರೀಕರಿಸಬಹುದು. ಮಿಡಿತಗಳು ಅತಿ ಪ್ರಬಲವೂ ಅತಿ ಕ್ಷಣಿಕವೂ ಆಗಿದ್ದರೆ ಅಲ್ಲಿ ಸೂಕ್ಷ್ಮವಾದ ಗುಳ್ಳೆಗಳೆದ್ದು, ಹಿಗ್ಗಿ, ಮರುಕ್ಷಣವೇ ಕುಸಿಯುತ್ತವೆ. ಆ ರಭಸಕ್ಕೆ ಕ್ಯಾನ್ಸರ್ ಕೋಶಗಳು ಚೂರುಚೂರಾಗುತ್ತವೆ. ಚರ್ಮವನ್ನು ಕೊಯ್ಯಬೇಕಾಗಿಲ್ಲ, ಶಾಖದಿಂದ ಸುಡಬೇಕಾಗಿಯೂ ಇಲ್ಲ. ಈ ವಿಧಾನಕ್ಕೆ ಹಿಸ್ಟೊಟ್ರಿಪ್ಸಿ ಎಂದು ಹೆಸರು.

ಇದರ ಫಲ ಇಷ್ಟಕ್ಕೇ ಮುಗಿಯುವುದಿಲ್ಲ. ದೇಹವೆಂಬ ಕೋಟೆಗೆ ಬಿಳಿಯ ರಕ್ತಕಣಗಳೇ ಕಾವಲುಗಾರರು. ಹೊರಗಿನಿಂದ ನುಗ್ಗಿದ ರೋಗಾಣುವನ್ನು ಅವು ಗುರುತಿಸಬಲ್ಲವು. ಕ್ಯಾನ್ಸರ್ ಕೋಶವಾದರೋ ಮನೆಯಲ್ಲಿಯೇ ಹುಟ್ಟಿದ ಶತ್ರು. ಅನೇಕ ವೇಳೆ ಕಾವಲುಗಾರರ ಕಣ್ಣು ತಪ್ಪಿಸಿ ಬೆಳೆಯುತ್ತದೆ. ಅದು ಒಡೆದಾಗ ಒಳಗೆ ಅಡಗಿದ್ದ ಪ್ರೋಟೀನುಗಳು ಹೊರಬೀಳುತ್ತವೆ. ಶಾಖದಲ್ಲಿ ಬೆಂದು ರೂಪಗೆಡದ ಆ ಚೂರುಗಳಿಂದ ಬಿಳಿಯ ಕಣಗಳು ಶತ್ರುವಿನ ಗುರುತು ಹಿಡಿದು ಹೋರಾಟಕ್ಕೆ ನಿಲ್ಲುತ್ತವೆ. 2022ರಲ್ಲಿ ಪ್ರಕಟವಾದ ಮಿಚಿಗನ್ನಿನ ಪ್ರಯೋಗದಲ್ಲಿ ಇಲಿಗಳ ಯಕೃತ್ತಿನ ಗಡ್ಡೆಯನ್ನು ಶೇಕಡ 50ರಿಂದ 75ರಷ್ಟು ಮಾತ್ರ ಒಡೆಯಲಾಯಿತು. ಶೇಕಡ 80ಕ್ಕೂ ಹೆಚ್ಚು ಇಲಿಗಳಲ್ಲಿ ಉಳಿದ ಭಾಗವನ್ನು ದೇಹವೇ ಕರಗಿಸಿಬಿಟ್ಟಿತು, ರೋಗವು ಮರುಕಳಿಸಲಿಲ್ಲ.

ಯಕೃತ್ತಿನ ಗಡ್ಡೆಗಳನ್ನು ಒಡೆಯಲು ಈ ವಿಧಾನವನ್ನು ಬಳಸಬಹುದೆಂದು 2023ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮತಿ ನೀಡಿತು. ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿಯೂ ಹಾಗೆಯೇ ನಡೆಯಬೇಕೆಂಬ ನಿಯಮವಿಲ್ಲ. ಕಾವಲುಗಾರರನ್ನು ಎಚ್ಚರಿಸುವ ಗುಣವು ಮನುಷ್ಯರಲ್ಲಿ ಎಷ್ಟರಮಟ್ಟಿಗೆ ನೆರವಾದೀತು, ಯಾವ ಔಷಧದೊಡನೆ ಅದು ಬಲಗೊಂಡೀತು ಎಂಬುದನ್ನು ವಿಜ್ಞಾನಿಗಳು ತಾಳ್ಮೆಯಿಂದ ಪರೀಕ್ಷಿಸುತ್ತಿದ್ದಾರೆ. ರೋಗಿಯ ಪ್ರಾಣದ ಪ್ರಶ್ನೆಯಿರುವಾಗ ಭರವಸೆಯೊಂದೇ ಸಾಲದು, ಪ್ರಮಾಣವೂ ಬೇಕು. ಅಂದು ಜೊತೆಯವರ ನೆಮ್ಮದಿಗಾಗಿ ಅಡಗಿಸಿದ ಸದ್ದು, ಮುಂದೆ ಎಷ್ಟೋ ರೋಗಿಗಳ ನೆಮ್ಮದಿಗೂ ದಾರಿಯಾದೀತೆಂಬ ಆಸೆ ಈ ಪರಿಶ್ರಮದ ಹಿಂದಿದೆ.