ಹಸುವಿಗೆ ಓಲೆ ಉಂಟು, ಬೈಕಿಗೆ ವಿಮೆ ಉಂಟೇ?



ರಾಸು ವಿಮೆಯ ವಿಷಯದಲ್ಲಿ ನಮ್ಮ ಸದಸ್ಯರು ಈಗ ಸಾಕಷ್ಟು ತಿಳಿವಳಿಕೆ ಪಡೆದಿದ್ದಾರೆ. ಕಿವಿ ಓಲೆ ಬಿದ್ದುಹೋದರೆ ಮಾರನೇ ದಿನವೇ ಬಂದು ತಿಳಿಸುತ್ತಾರೆ. ಓಲೆ ಇಲ್ಲದೆ ಪರಿಹಾರ ಇಲ್ಲ ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಆದರೆ ಸಂಘಕ್ಕೆ ಕ್ಯಾನು ತರುವ ಬೈಕು, ಮೇವು ಹೊರುವ ಟ್ರ್ಯಾಕ್ಟರ್, ಹಾಲು ಸಾಗಿಸುವ ಟೆಂಪೋಗಳ ವಿಮೆ ಕೇಳಿದರೆ, "ಇರಬೇಕು ಸಾರ್, ಶೋರೂಮಿನವರೇ ಮಾಡಿಸಿದ್ದರು" ಎಂಬ ಉತ್ತರ ಬರುತ್ತದೆ. ರಾಸು ಸತ್ತರೆ ಹೋಗುವುದು ಒಂದು ರಾಸಿನ ಬೆಲೆ. ವಿಮೆಯಿಲ್ಲದ ಬೈಕು ಒಬ್ಬ ಮನುಷ್ಯನಿಗೆ ಬಡಿದರೆ ಕೊಟ್ಟಿಗೆಯ ಎಲ್ಲ ರಾಸುಗಳನ್ನು ಮಾರಿದರೂ ಸಾಲದು. ಪಶುವೈದ್ಯನಿಗೇಕೆ ಈ ಉಸಾಬರಿ ಎಂದು ಕೇಳುವವರು ಮುಂದಿನ ಲೆಕ್ಕ ನೋಡಿ.

ಶೋರೂಮಿನವರು ಮಾಡಿಸಿದ್ದು ನಿಜ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಮೂರನೇ ವ್ಯಕ್ತಿ ವಿಮೆಯನ್ನು ಕೊಳ್ಳುವಾಗಲೇ ಮಾಡಿಸುವುದು ಕಡ್ಡಾಯವಾಗಿದೆ. ತೊಡಕು ಇರುವುದು ಆರನೆಯ ವರ್ಷದಲ್ಲಿ. ಐದು ವರ್ಷ ಮರೆತಿದ್ದವರಿಗೆ ಆರನೆಯ ವರ್ಷ ನೆನಪಾಗುವುದಿಲ್ಲ. ಆ ತಿಂಗಳಲ್ಲಿ ಖರೀದಿಸಿದ ಬೈಕಿನ ವಿಮೆ 2023ರಲ್ಲೇ ಮುಗಿದಿದೆ.

ಮೂರನೇ ವ್ಯಕ್ತಿ ಎಂದರೆ ನಿಮ್ಮ ವಾಹನದಿಂದ ಪೆಟ್ಟು ತಿಂದ ಹೊರಗಿನವನು. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಈ ವಿಮೆ ಇಲ್ಲದೆ ವಾಹನ ರಸ್ತೆಗೆ ಇಳಿಯುವಂತಿಲ್ಲ. 2019ರ ತಿದ್ದುಪಡಿಯಂತೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂ. ದಂಡ ಅಥವಾ 3 ತಿಂಗಳವರೆಗೆ ಸಜೆ ಅಥವಾ ಎರಡೂ. ಮತ್ತೊಮ್ಮೆ ಸಿಕ್ಕರೆ ದಂಡ 4,000 ರೂ. ದಂಡದ ಮಾತು ಹಾಗಿರಲಿ, ಅದು ಚಿಲ್ಲರೆ.

ಲೆಕ್ಕ ಹೀಗಿದೆ

ನಿಮ್ಮ ಬೈಕು ಬಡಿದು 30 ವರ್ಷದ ಒಬ್ಬ ಗಾರೆ ಕೆಲಸಗಾರ ತೀರಿಕೊಂಡ ಎಂದಿಟ್ಟುಕೊಳ್ಳಿ. ತಪ್ಪು ಬೈಕಿನವನದೇ. ಮೃತನ ದುಡಿಮೆ ತಿಂಗಳಿಗೆ 15,000 ರೂ., ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಸುಪ್ರೀಂ ಕೋರ್ಟು 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಮುಂದಿನ ದುಡಿಮೆಯ ಏರಿಕೆಗೆ ಶೇ. 40 ಸೇರಿಸಬೇಕು, 21,000 ಆಯಿತು. ಅವನ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ಗುಣಕ 17. ಒಟ್ಟು 28,56,000 ರೂಪಾಯಿ. ಅಂತ್ಯಕ್ರಿಯೆ ಮುಂತಾದ ಬಾಬತ್ತುಗಳು ಮತ್ತು ಬಡ್ಡಿ ಇದರ ಮೇಲೆ.

ವಿಮೆ ಇದ್ದರೆ ಈ ಹಣ ಕಂಪನಿಯದು. ಇಲ್ಲವಾದರೆ ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರದು. ವಿಮೆಯಿಲ್ಲದ ವಾಹನದ ಮಾಲೀಕರು ತಕ್ಕ ಭದ್ರತೆ ಕೊಡದಿದ್ದರೆ ವಾಹನವನ್ನು ಬಿಡದಂತೆ ನಿಯಮ ಮಾಡಲು 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಿದೆ. ಇಷ್ಟೆಲ್ಲ ತಪ್ಪಿಸಲು ಬೇಕಾದ ಕಂತು ಎಷ್ಟು? 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿ.ಸಿ.ವರೆಗಿನ ಬೈಕಿಗೆ ವರ್ಷಕ್ಕೆ 714 ರೂ., ತೆರಿಗೆ ಬೇರೆ. ಒಂದು ಮೂಟೆ ಪಶು ಆಹಾರದ ಬೆಲೆಗಿಂತ ಕಡಿಮೆ.

ಇಲ್ಲಿ ಹಳೆಯ ಬೈಕು ಮಾರಿದವರಿಗೊಂದು ಮಾತು. ಬರೀ ಕೈಬರಹದ ಚೀಟಿಯಲ್ಲಿ ಮಾರಿ ಆರ್.ಸಿ. ವರ್ಗಾವಣೆ ಮಾಡಿಸದಿದ್ದರೆ ಕಾನೂನಿನ ಕಣ್ಣಿಗೆ ನೀವೇ ಮಾಲೀಕರು. ಇದನ್ನೂ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಕೊಂಡವನು ಎಲ್ಲಿಯೋ ಗುದ್ದಿದರೆ ನೋಟೀಸು ಬರುವುದು ನಿಮ್ಮ ಮನೆ ಬಾಗಿಲಿಗೆ.

ವಿಮೆ ಇದ್ದೂ ಇಲ್ಲದಂತಾಗುವುದು

ಅಮೆರಿಕದಲ್ಲಿ ಮಕ್ಕಳಿರುವ ಸದಸ್ಯರು ಕೇಳಿರಬಹುದು: ಅಲ್ಲಿ ಕುಡಿದು ವಾಹನ ಓಡಿಸಿ ಶಿಕ್ಷೆಯಾದರೆ ವಿಮೆಯ ಕಂತು ಏಕಾಏಕಿ ಏರುತ್ತದೆ, ಬಹಳಷ್ಟು ರಾಜ್ಯಗಳಲ್ಲಿ ಅಂಥವರ ಪರವಾಗಿ ವಿಮಾ ಕಂಪನಿಯೇ ಸರ್ಕಾರಕ್ಕೆ ಪ್ರಮಾಣಪತ್ರ ಸಲ್ಲಿಸಬೇಕು. ನಮ್ಮಲ್ಲಿ ಮೂರನೇ ವ್ಯಕ್ತಿ ವಿಮೆಯ ದರ ಸರ್ಕಾರ ಗೊತ್ತುಮಾಡಿದ್ದು. ಜಾಗರೂಕನಿಗೂ ಪುಂಡನಿಗೂ ಒಂದೇ ಕಂತು. ನಿಯಮ ಮುರಿದವರಿಂದ ಹೆಚ್ಚು ಕಂತು ಪಡೆಯಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಲಹೆ ನೀಡಿತ್ತು. ಕಂತು ಒಂದೇ ಎಂದ ಮಾತ್ರಕ್ಕೆ ತಪ್ಪಿಗೆ ಬೆಲೆ ಇಲ್ಲವೆಂದು ತಿಳಿಯಬಾರದು. ಅಲ್ಲಿ ವರ್ಷ ವರ್ಷ ಕಂತಿನಲ್ಲಿ ಕಟ್ಟುವುದನ್ನು ಇಲ್ಲಿ ಅಪಘಾತದ ದಿನ ಇಡಿಗಂಟಾಗಿ ಕಟ್ಟಬೇಕಾಗುತ್ತದೆ.

ಹೇಗೆಂದರೆ, ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಅಥವಾ ಅದು ಅಮಾನತಿನಲ್ಲಿದ್ದರೆ, ಅಥವಾ ಅವನು ಕುಡಿದಿದ್ದರೆ ಕಂಪನಿ ತಕರಾರು ತೆಗೆಯಬಹುದು. ಇಂಥ ಪ್ರಕರಣಗಳಲ್ಲಿ ಕಂಪನಿ ನೊಂದವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. ನೊಂದವರ ಮನೆ ಉಳಿಯುತ್ತದೆ, ನಿಮ್ಮ ಮನೆ ಹೋಗುತ್ತದೆ.

ಕುಡಿತದ ವಿಷಯದಲ್ಲಿ ನಿಲುಗಡೆ ರೇಖೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯಸಾರ. ಮೀರಿದರೆ ಮೊದಲ ಸಲ 10,000 ರೂ. ದಂಡ ಅಥವಾ 6 ತಿಂಗಳವರೆಗೆ ಸಜೆ ಅಥವಾ ಎರಡೂ. ತಪ್ಪು ಸಾಬೀತಾದರೆ ಕನಿಷ್ಠ 6 ತಿಂಗಳು ಲೈಸೆನ್ಸ್ ಅನರ್ಹವಾಗುತ್ತದೆ. ರಾತ್ರಿ ಬೀಗರ ಊಟ ಮುಗಿಸಿ ಬೆಳಗಿನ 5 ಗಂಟೆಗೆ ಕ್ಯಾನು ಹೇರುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಯಕೃತ್ತು ಮದ್ಯಸಾರವನ್ನು ತನ್ನ ಗತಿಯಲ್ಲಿಯೇ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದರಿಂದಲೂ ಅದರ ಕೆಲಸ ಬೇಗ ಮುಗಿಯದು. ತಡರಾತ್ರಿ ಹೆಚ್ಚು ಕುಡಿದವನ ರಕ್ತದಲ್ಲಿ ಮುಂಜಾನೆಯೂ ಮದ್ಯಸಾರ ಉಳಿದಿರುತ್ತದೆ, ತಲೆ ನೆಟ್ಟಗಿದೆ ಎಂದು ಅನಿಸಿದರೂ ಸಹ.

ಲೈಸೆನ್ಸ್ ಅನರ್ಹವಾಗಿರುವ ಅವಧಿಯಲ್ಲಿ "ಸಂಘದವರೆಗೆ ತಾನೇ" ಎಂದು ಓಡಿಸುವವರಿದ್ದಾರೆ. ಅವರ ಸ್ಥಿತಿ ಲೈಸೆನ್ಸ್ ಇಲ್ಲದವನ ಸ್ಥಿತಿಯೇ. ಚಾಲಕನನ್ನು ಇಟ್ಟುಕೊಂಡವರು ಅವನ ಲೈಸೆನ್ಸ್ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿ. ಮಾಲೀಕ ತಕ್ಕ ಎಚ್ಚರ ವಹಿಸಿರಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ಕಂಪನಿಯದೆಂದು 2004ರಲ್ಲಿಯೇ ತೀರ್ಮಾನವಾಗಿದೆ. ಆ ಪ್ರತಿ ನಿಮ್ಮ ಕೈಯಲ್ಲಿದ್ದರೆ ನಿಮಗೆ ಆಧಾರ. ಹಾಲಿನ ಟೆಂಪೋ ಮಾಲೀಕರಿಗೆ ಒಂದು ಸಮಾಧಾನದ ಸಂಗತಿಯೂ ಇದೆ: ಒಟ್ಟು ತೂಕ 7,500 ಕೆ.ಜಿ.ಗಿಂತ ಕಡಿಮೆಯ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹೇಳಿದೆ.

ಇನ್ನು ಹೈಸ್ಕೂಲು ಹುಡುಗರ ಕೈಗೆ ಕ್ಯಾನು ಕಟ್ಟಿದ ಬೈಕು ಕೊಡುವ ಚಾಳಿ. ಹುಡುಗ ಮನೆಗೆಲಸಕ್ಕೆ ಒದಗುತ್ತಾನೆಂಬ ಹೆಮ್ಮೆ ನನಗೂ ಅರ್ಥವಾಗುತ್ತದೆ. ಆದರೆ 18 ತುಂಬದವನು ಅಪರಾಧ ಮಾಡಿದರೆ ತಂದೆಗೆ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಸಜೆ, 25,000 ರೂ. ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕ್ಯಾನನ್ನು ಸೈಕಲ್ಲಿಗೆ ಕಟ್ಟಿಕೊಡಿ.

ಸರಕು ವಾಹನದಲ್ಲಿ ಜನರನ್ನು ಹತ್ತಿಸಿಕೊಳ್ಳುವುದೂ ಹೀಗೆಯೇ ಅಪಾಯದ್ದು. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗಬಹುದು, ಅವನಿಗೆ ವಿಮೆ ಅನ್ವಯಿಸುತ್ತದೆ. ಸಂತೆಗೆ ಹೊರಟವರನ್ನು ಹತ್ತಿಸಿಕೊಂಡು ಮಗುಚಿದರೆ ಕಂಪನಿ ಹೊಣೆಯಲ್ಲ ಎಂದು 2002ರ ತೀರ್ಪು ಇದೆ. ವ್ಯವಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆ ಮರಳಿಗೆ ಕಳಿಸಿದರೂ ತಕರಾರು ಖಂಡಿತ. ಟ್ರೇಲರಿಗೂ ವಿಮೆ ಬೇಕೆಂಬುದನ್ನು ಮರೆಯುವವರೇ ಹೆಚ್ಚು.

ಸ್ವಂತ ವಾಹನದ ನಷ್ಟಕ್ಕೂ ವಿಮೆ ಮಾಡಿಸಿದವರಿಗೆ ಪರಿಹಾರ ಕೇಳದ ವರ್ಷಗಳಿಗೆ ಆ ಭಾಗದ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ: ಮೊದಲು ಶೇ. 20, ಏರುತ್ತಾ ಐದು ವರ್ಷಕ್ಕೆ ಶೇ. 50. ಒಮ್ಮೆ ಪರಿಹಾರ ಪಡೆದರೆ ಮತ್ತೆ ಸೊನ್ನೆಯಿಂದ. ವಿಮೆ ಮುಗಿದು 90 ದಿನ ಕಳೆದರೂ ಸೊನ್ನೆಯೇ. ಆದ್ದರಿಂದ ಬರೀ ಕನ್ನಡಿ ಒಡೆದದ್ದಕ್ಕೆ ಪರಿಹಾರ ಕೇಳುವ ಮುನ್ನ ಕೂಡಿ ಕಳೆದು ನೋಡಿ.

ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ವಿಮಾ ಪತ್ರ ಹುಡುಕಿ ಮೂರು ಸಂಗತಿ ನೋಡಿ: ಮುಗಿಯುವ ದಿನಾಂಕ, ಹೆಸರು, ಚಾಸಿ ಸಂಖ್ಯೆ. ಕಾಗದ ಸಿಗದಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆ ಹಾಕಿದರೂ ವಿಮೆಯ ವಿವರ ದೊರೆಯುತ್ತದೆ. ದಿನಾಂಕವನ್ನು ಕೃತಕ ಗರ್ಭಧಾರಣೆಯ ದಿನ ಬರೆದಿಡುವ ಪುಸ್ತಕದಲ್ಲಿಯೇ ಬರೆಯಿರಿ. ಆ ಪುಸ್ತಕವನ್ನಂತೂ ನೀವು ದಿನಾ ತೆರೆಯುತ್ತೀರಿ.